ಅರ್ಧ ಹಲಗೆ ಸಾಲದ ಗುಣಾಕಾರ

ನಾನು ಒಂದು ಕಪ್ಪು ಹಲಗೆ. ಹುಬ್ಬಳ್ಳಿಯ ಬಡಗಿಯೊಬ್ಬ ಪ್ಲೈವುಡ್ಡಿಗೆ ಬಣ್ಣ ಬಳಿದು ನನ್ನನ್ನು ಮಾಡಿದ. ಎಡಮೂಲೆಯಲ್ಲಿ ಬಣ್ಣ ತೆಳುವಾಗಿತ್ತು. ಅಲ್ಲಿ ಅಕ್ಷರ ಮಸುಕಾದಾಗಲೆಲ್ಲ ಹುಡುಗರು ನನ್ನಿಂದಲೇ ನಪಾಸಾದಾರೆಂದು ಹೆದರುತ್ತಿದ್ದೆ. ಕಲಿತದ್ದೆಲ್ಲ ಸಂಜೆ ಕಾಲೇಜಿನಲ್ಲಿ, ತಪ್ಪಿದ್ದರೆ ತಿದ್ದಿಕೊಳ್ಳಿ.

ನನ್ನ ಯಜಮಾನರು ಗಣಿತದ ಕಲಕೇರಿ ಸರ್. ಎರಡು ಬಹುಪದೋಕ್ತಿಗಳನ್ನು ಗುಣಿಸುವಾಗ ಇದರ ಪ್ರತಿ ಪದದಿಂದ ಅದರ ಪ್ರತಿ ಪದವನ್ನೂ ಗುಣಿಸುತ್ತಿದ್ದರು. ಪದಗಳು ಎರಡು ಪಟ್ಟಾದರೆ ಕೆಲಸ ನಾಲ್ಕು ಪಟ್ಟು. ದುಡಿಮೆ ಮುಗಿಸಿ ತಡವಾಗಿ ಬರುವವರಿಗೂ ಸಿಗಲೆಂದು, ಗಂಟೆ ಹೊಡೆಯುವವರೆಗೆ ಒಂದಕ್ಷರವನ್ನೂ ಒರೆಸುತ್ತಿರಲಿಲ್ಲ.

ಆಮೇಲೆ ರೇಹಾನಾ ಮೇಡಂ ಬಂದರು, ಒಂದು ವರ್ಷದ ಮಟ್ಟಿಗೆ. ಅವರು ಪ್ರತಿ ಬಹುಪದೋಕ್ತಿಯನ್ನು ಎರಡು ತುಂಡು ಮಾಡುತ್ತಿದ್ದರು. ಮುಂದಿನ ತುಂಡುಗಳನ್ನು ಗುಣಿಸಿ, ಹಿಂದಿನವನ್ನು ಗುಣಿಸಿ, ಕೊನೆಗೆ ಪ್ರತಿಯೊಂದರ ಎರಡೂ ತುಂಡುಗಳನ್ನು ಕೂಡಿಸಿಕೊಂಡು ಆ ಮೊತ್ತಗಳನ್ನು ಗುಣಿಸುವುದು. ಈ ಕೊನೆಯದರಿಂದ ಮೊದಲಿನ ಎರಡನ್ನೂ ಕಳೆದರೆ ನಡುವಿನದು ಸಿಗುತ್ತದೆ. ನಾಲ್ಕು ಗುಣಾಕಾರದ ಜಾಗದಲ್ಲಿ ಮೂರೇ. ತುಂಡುಗಳನ್ನೂ ಹಾಗೆಯೇ ತುಂಡರಿಸಬಹುದು.

"ಒಂದು ಗುಣಾಕಾರ ಉಳಸಾಕ ಎಷ್ಟು ಕೂಡಸ್ತೀರಿ, ಎಷ್ಟು ಕಳೀತೀರಿ!" ಎಂದು ಸರ್ ನಕ್ಕರು.

ಮೇಡಂ ಅವರನ್ನು ಮುಂದಿನ ವರ್ಷವೂ ಇಟ್ಟುಕೊಳ್ಳಬೇಕೇ ಎಂದು ಪ್ರಾಂಶುಪಾಲರು ಪಾಠ ನೋಡಲು ಬಂದ ದಿನ, ನನ್ನ ನಡುವೆ ಗೆರೆ ಎಳೆದು ಪಂದ್ಯವೇ ಆಯಿತು.

ಮೊದಲು ಎರಡೆರಡು ಪದಗಳ ಲೆಕ್ಕ. ಮೇಡಂ ಇನ್ನೂ ಕಳೆಯುತ್ತಿರುವಾಗಲೇ ಸರ್ ಸೀಮೆಸುಣ್ಣ ಕೆಳಗಿಟ್ಟರು. ಪ್ರಾಂಶುಪಾಲರು ಮುಖ ಗಂಟಿಕ್ಕಿದರು. ಮೇಡಂ ಪಾಲಿಗೆ ಬಂದದ್ದು ನನ್ನ ತೆಳು ಮೂಲೆ. ನನ್ನಿಂದಲೇ ಅವರ ಅನ್ನ ಹೋಯಿತೆಂದು ಕೊರಗಿದೆ.

"ಸಣ್ಣ ಲೆಕ್ಕಕ್ಕ ನಿಮ್ಮ ದಾರಿನ ಚಲೋರಿ ಸರ್. ಎಂಟು ಪದದ್ದು ಮಾಡೋಣ್ರಿ," ಎಂದರು ಮೇಡಂ.

ಸರ್‌ಗೆ ಅರವತ್ನಾಲ್ಕು ಗುಣಾಕಾರ, ತುಂಡುಗಳನ್ನೂ ತುಂಡರಿಸುತ್ತ ಹೋದ ಮೇಡಂಗೆ ಇಪ್ಪತ್ತೇಳು. ಸರ್ ತಮ್ಮ ಅರ್ಧ ತುಂಬಿಸಿದರು, ಚೌಕಟ್ಟಿನ ಮೇಲೆ ಬರೆದರು, ಗೋಡೆಗೆ ದಾಟಿದರು, ಬಾಗಿಲ ಮೇಲೂ ಬರೆದರು.

"ಒರಸ್ರಿ ಸರ್!" ಹುಡುಗರು ಕೂಗಿದರು.

"ತಡಾ ಆಗಿ ಬರಾವ್ರು ಏನ್ ಬರ್ಕೋಬೇಕ್ರಪಾ?"

ಅಷ್ಟರಲ್ಲೇ ತಡವಾಗಿ ಬಂದವನೊಬ್ಬ ಒಳನುಗ್ಗಿ, ಪ್ರಾಂಶುಪಾಲರನ್ನು ಕಂಡು ಬೆದರಿ ಬಾಗಿಲಿಗೇ ಒರಗಿ ನಿಂತ. ಮೇಡಂ ಉತ್ತರದ ಕೆಳಗೆ ಗೆರೆ ಎಳೆದರು.

"ಏ, ತಿರುಗಪಾ!" ಸರ್ ಅವನ ಅಂಗಿಯ ಬೆನ್ನಿಗೆ ಹತ್ತಿದ್ದ ಗುಣಲಬ್ಧಗಳನ್ನು ತಿರುವುಮುರುವಾಗಿ ಓದಿ, ಕೂಡಿಸಿ, ಮೇಡಂ ಉತ್ತರದೊಂದಿಗೆ ಹೋಲಿಸಿದರು. ತಾವೇ ಪ್ರಾಂಶುಪಾಲರತ್ತ ತಿರುಗಿದರು: "ಪಕ್ಕಾ ಐತ್ರಿ. ಇವರನ್ನ ಬಿಡಬ್ಯಾಡ್ರಿ. ಮತ್ತ, ನನಗೊಂದು ದೊಡ್ಡ ಹಲಗಿ ಕೊಡಸ್ರಿ."

ಮೇಡಂ ಉಳಿದರು. ದೊಡ್ಡ ಹಲಗೆ ಬಂತು, ನಾನು ಕ್ಯಾಂಟೀನಿಗೆ ಬಂದೆ. ಈಗ ನನ್ನ ಮೇಲೆ ಬಸಣ್ಣನ ತಿಂಡಿಗಳ ಹೆಸರು.

ನಿನ್ನೆ ಅವರಿಬ್ಬರೂ ಚಹಾಕ್ಕೆ ಬಂದಿದ್ದರು. "ಭಾಗಾಕಾರದಾಗ ನೋಡೋಣ್ರಿ," ಎಂದರು ಸರ್. "ಅದನ್ನೂ ಗುಣಾಕಾರದಿಂದನ ಮಾಡಬಹುದ್ರಿ ಸರ್," ಎಂದರು ಮೇಡಂ. ಸರ್ ಸೀಮೆಸುಣ್ಣ ಹಿಡಿದು ಎದ್ದರು. ಜಾಗವಿರಲಿಲ್ಲ. ಸ್ವಲ್ಪ ಯೋಚಿಸಿ, ಗಂಟೆ ಹೊಡೆಯುವ ಮೊದಲೇ, ಜೀವನದಲ್ಲಿ ಮೊದಲ ಸಲ ಅಂಗೈಯಿಂದ ಒಂದು ಸಾಲು ಒರೆಸಿದರು.

"ಸರ್ರಾ, ಗಿರ್ಮಿಟ್ ಇನ್ನೂ ಖಾಲಿ ಆಗಿಲ್ರೀ!" ಬಸಣ್ಣ ಒದರಿದ.

ಪಂದ್ಯದ ದಿನ ಜಾಗ ಸಾಲದ್ದು ನನ್ನ ತಪ್ಪಾಗಿರಲಿಲ್ಲವೇನೋ ಎಂದು ಆಗ ಅನಿಸಿತು. ಗಿರ್ಮಿಟ್ ಸಿಗದೆ ಹೋದವರು ಮಾತ್ರ ನನ್ನನ್ನು ಕ್ಷಮಿಸಬೇಕು.