ಒಣಬಟ್ಟೆಯ ಭಾವ

ಭಾವನ ಮುಖಕ್ಕಿಂತ ಮೊದಲು ಕಣ್ಣಿಗೆ ಬೀಳುತ್ತಿದ್ದುದು ಅವರ ಹೆಗಲ ಮೇಲಿನ ಉಣ್ಣೆಬಟ್ಟೆ. ಬಾಗಿಲ ಹಿಡಿ, ಕುರ್ಚಿಯ ಬೆನ್ನು, ಎದುರು ಸಿಕ್ಕವರ ಅಂಗಿಯ ಗುಂಡಿ, ಯಾವುದನ್ನೂ ಒರೆಸದೆ ದಾಟಿದವರಲ್ಲ ಆ ಮಹಾನುಭಾವರು. ಪ್ಲಾಸ್ಟಿಕ್ ಚೀಲಗಳ ಮೇಲೆ ಅಂಗಡಿಗಳ ಹೆಸರು ಅಚ್ಚು ಹಾಕುವ ಆ ಸಣ್ಣ ಕಾರ್ಖಾನೆ ಭಾಮೈದನದು. ಅಕ್ಕನ ಮಾತು ಮೀರಲಾರದೆ ಭಾವನನ್ನು ಕೆಲಸಕ್ಕೆ ಸೇರಿಸಿಕೊಂಡಂದಿನಿಂದ ಅವನ ತಲೆಬಿಸಿ ಇಳಿದದ್ದೇ ಇಲ್ಲ.

ಬಣ್ಣ ಕಲಸುವ ಕಬ್ಬಿಣದ ಮೇಜು ಕಲೆಯಾಗಬಾರದೆಂದು ಭಾವ ಅದರ ಮೇಲೆ ತೆಳ್ಳನೆಯ ಪ್ಲಾಸ್ಟಿಕ್ ಹಾಳೆ ಹಾಸಿ, ಹೊತ್ತುಹೊತ್ತಿಗೆ ಒಣ ಉಣ್ಣೆಯಿಂದ, ಕುದುರೆಯ ಮೈ ತಿಕ್ಕುವವರ ಶ್ರದ್ಧೆಯಲ್ಲಿ ತಿಕ್ಕುತ್ತಿದ್ದರು. ತಿಕ್ಕಿದಷ್ಟೂ ಹಾಳೆಯಲ್ಲಿ ವಿದ್ಯುತ್ತು ಕೂಡುತ್ತಿತ್ತು. ಕೈ ಹತ್ತಿರ ತಂದರೆ ರೋಮ ನಿಮಿರುತ್ತಿತ್ತು. ಒಂದು ಸಂಜೆ ಕರೆಂಟು ಹೋದಾಗ ಅವರು, ಹಾಳೆ ಜಾರದಿರಲೆಂದು ಯಾವಾಗಲೂ ಇಡುವ ಉಕ್ಕಿನ ಅಳತೆಪಟ್ಟಿಯನ್ನು ಮೇಜಿನಂಚಿಗೆ ತಾಗಿಸಿ ಹಾಳೆಯ ಮೇಲಿಟ್ಟರು. ಪಟ್ಟಿಯ ತುದಿಯಿಂದ ನೀಲಿ ಕಿಡಿ, ಬೇರು ಹರಡಿದಂತೆ ಕವಲೊಡೆಯುತ್ತ ಹಾಳೆಯುದ್ದಕ್ಕೂ ಓಡಿತು.

"ಭಾವಾ, ಪಕ್ಕದಲ್ಲೇ ಥಿನ್ನರ್ ಡಬ್ಬ ಇದೆ. ಅದರ ಆವಿಗೆ ಇಷ್ಟು ಕಿಡಿ ಸಾಕು. ಒದ್ದೆ ಬಟ್ಟೇಲಾದ್ರೂ ಒರೆಸಿ."

"ಒದ್ದೆ ಬಟ್ಟೆ ಗೆರೆ ಬಿಡುತ್ತೆ ಕಣೋ."

"ಬಿಟ್ರೆ ಬಿಡ್ಲಿ, ಕಾರ್ಖಾನೆ ಉಳಿಯುತ್ತಲ್ಲ."

"ಇಷ್ಟು ಗಲೀಜಾಗಿ ಉಳಿದು ಏನು ಬಂತು?"

ಹಾಳೆ ಕಿತ್ತೆಸೆದರೆ ಮರುದಿನ ಹೊಸದು. ಆ ಕಾರ್ಖಾನೆಯಲ್ಲಿ ಪ್ಲಾಸ್ಟಿಕ್ಕಿಗೇನು ಬರ? ದೂರು ಒಯ್ದರೆ ಅಕ್ಕನದು ಬೇರೆಯೇ ಗೋಳು: "ನಿಂದಾದ್ರೂ ಮೇಜು. ನಾನು ಉಣ್ತಾ ಇರೋ ತಟ್ಟೆನೇ ಎತ್ಕೊಂಡು ಒರೆಸ್ತಾರಪ್ಪ."

ಕೊನೆಗೊಂದು ಮಧ್ಯಾಹ್ನ ಥಿನ್ನರ್ ಡಬ್ಬದ ಬಾಯಿ ತೆರೆದಿತ್ತು. ಭಾವ ತಿಕ್ಕಿ ಮುಗಿಸಿ ಎಂದಿನಂತೆ ಪಟ್ಟಿ ಇಟ್ಟರು. ಭುಗ್ಗೆಂದಿತು. ಭಾಮೈದ ಅವರ ರಟ್ಟೆ ಹಿಡಿದು ಹೊರಗೆ ದಬ್ಬಿ, ಮರಳು ಸುರಿದು ಬೆಂಕಿ ಆರಿಸಿ, ಕೆಮ್ಮುತ್ತ ಬೀದಿಗೆ ಬಂದ. ಭಾವನ ಹುಬ್ಬು ಸುಟ್ಟಿತ್ತು. ಇಷ್ಟು ದಿನ ನುಂಗಿಕೊಂಡಿದ್ದ ಬೈಗುಳವೆಲ್ಲ ಅವನ ನಾಲಿಗೆಯ ತುದಿಗೆ ಬಂದು ನಿಂತಿರುವಾಗಲೇ, ಆ ಮನುಷ್ಯ ಹೆಗಲಿನ ಅದೇ ಬಟ್ಟೆ ತೆಗೆದು ಅವನ ಕೆನ್ನೆ ಒರೆಸತೊಡಗಿದರು.

"ಮಸಿ ಆಗಿದೆ, ಅಲ್ಲಾಡ್ಬೇಡ."

ಮರುದಿನದಿಂದ ಮೇಜಿನ ಕೋಣೆಗೆ ಬೀಗ. ಭಾವನ ಪಾಲಿಗೆ ಬೀದಿಬದಿಯ ಗಾಜಿನ ಕಿಟಕಿಗಳು. ಇಂಥವರ ಅಕ್ಕರೆಗೆ ಕಣ್ಣಿಲ್ಲ, ಕಿವಿಯಂತೂ ಇಲ್ಲವೇ ಇಲ್ಲ. ಬೈದು ತಿದ್ದುತ್ತೇವೆಂದು ಹೊರಟವರ ಗಂಟಲು ಹರಿಯುತ್ತದೆಯೇ ಹೊರತು ಅವರ ಕೈ ನಿಲ್ಲುವುದಿಲ್ಲ. ಆ ಕೈಗೆಟಕುವಲ್ಲಿ ಏನಿಡಬೇಕು, ಏನಿಡಬಾರದು ಎಂಬುದನ್ನು ನಾವೇ ಕಲಿತುಕೊಳ್ಳಬೇಕು.