ಸಾಯದೆ ಉಳಿದದ್ದು

“ಬೇಗ ಬನ್ನಿ ಸಿಲಿಂಡರಣ್ಣ, ಈಗ ಒಂದು ಎರಡಾಗ್ತಾ ಇದೆ!”

ಪ್ರಯೋಗಾಲಯಕ್ಕೆ ಅನಿಲದ ಸಿಲಿಂಡರ್ ತಂದುಹಾಕುವವನಿಗೆ ಅಲ್ಲಿ ಎಲ್ಲರೂ ಇಟ್ಟ ಹೆಸರು ಅದು. ಅವನು ಖಾಲಿ ಸಿಲಿಂಡರಿನ ಕೊಳವೆ ಬಿಚ್ಚುತ್ತಿದ್ದವನು ಸ್ಪ್ಯಾನರ್ ಹಿಡಿದೇ ಬಂದು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟ. ಬೆಳಕಿನ ವೃತ್ತದೊಳಗೆ ಒಂದು ದುಂಡನೆಯ ಕಣ ನಡು ಸಣ್ಣಗಾಗಿ, ಇನ್ನೇನು ಹರಿದುಕೊಳ್ಳುವಂತಿತ್ತು.

“ಚೆನ್ನಾಗಿದೆಯಲ್ಲ ಮೇಡಂ! ಏನಿದು?”

“ನಿಮ್ಮ ಮನೆಯವರದ್ದು!” ಸಂಶೋಧಕಿ ಬಹುಮಾನ ಕೊಡುವವಳಂತೆ ನಕ್ಕಳು.

ಹೆಂಡತಿ ಇದೇ ಆಸ್ಪತ್ರೆಯಲ್ಲಿ ಕ್ಯಾನ್ಸರಿನಿಂದ ತೀರಿಕೊಂಡಳೆಂದು ಅವನು ನಿನ್ನೆ ಮಾತಿನ ನಡುವೆ ಹೇಳಿದ್ದ. ಅದನ್ನು ಕೇಳಿದ್ದ ಈ ಪುಣ್ಯಾತ್ಗಿತ್ತಿ ಸಂಶೋಧಕಿ ಬೆಳಗ್ಗೆಯಿಂದ ಹುಡುಕಿ ಇದನ್ನು ತೆಗೆದಿಟ್ಟಿದ್ದಳು. ಅವನಿಗೆ ಸಂತೋಷವಾಗುತ್ತದೆಂದೇ ಅವಳು ನಂಬಿದ್ದಳು. ಇಡೀ ದಿನ ಈ ಜೀವಕೋಶಗಳಿಗೆ ಆಹಾರ ಹಾಕಿ ಸಾಕುವವರಿಗೆ ಹಾಗೆಯೇ ಅನಿಸುತ್ತದೆ, ಬೇರೆ ಯಾರಿಗೂ ಅನಿಸುವುದಿಲ್ಲ.

“ಅವರ ಹೊಟ್ಟೆಯಿಂದ ನೀರು ತೆಗೆದಿದ್ರಲ್ಲ, ಅದರಲ್ಲಿತ್ತು. ಒಳ್ಳೆ ಕೋಶ ಆದ್ರೆ ಸಾಕು ಅಂದ್ರೆ ನಿಲ್ಲುತ್ತೆ ಅಣ್ಣ. ಒಳಗೆ ಏನಾದ್ರೂ ಕೆಟ್ಟಿದ್ರೆ ಎರಡಾಗಿ ಒಡೆಯೋಕೆ ಮುಂಚೆ ತಾನೇ ಸಾಯುತ್ತೆ. ಇದರಲ್ಲಿ ಆ ತಡೆನೇ ಕಿತ್ಕೊಂಡು ಹೋಗಿದೆ, ಸುಮ್ನೆ ಒಡೀತಾನೇ ಇರುತ್ತೆ. ಬೇರೆಯವರದ್ದೆಲ್ಲ ಇಲ್ಲಿ ಬದುಕಲ್ಲ. ನಿಮ್ಮವರದ್ದು ಎಷ್ಟು ಗಟ್ಟಿ ಗೊತ್ತಾ!”

ಅವನು ನಿಧಾನಕ್ಕೆ ತಲೆಯೆತ್ತಿದ. “ಅವಳನ್ನ ತಿಂದಿದ್ದು ಇದೇನಾ?”

“ಹೂಂ... ಅಂದ್ರೆ...”

“ಅವಳು ಸತ್ತು ಮಣ್ಣಾದ್ಲು. ಇದಕ್ಕೆ ನೀವು ಊಟ ಹಾಕ್ತಾ ಇದೀರ?”

ಅವನು ಕೈಯಲ್ಲಿದ್ದ ಸ್ಪ್ಯಾನರ್ ಬೀಸಿದ. ಮೊದಲ ಏಟಿಗೆ ಸೂಕ್ಷ್ಮದರ್ಶಕ ನೆಲಕ್ಕುರುಳಿತು. ಎರಡನೆಯದಕ್ಕೆ ಕೋಶಗಳನ್ನು ಬೆಚ್ಚಗಿಡುವ ಕಾವುಪೆಟ್ಟಿಗೆಯ ಗಾಜಿನ ಬಾಗಿಲು ಪುಡಿಯಾಯಿತು. ಒಳಗೆ ಸಾಲಾಗಿ ಮಲಗಿದ್ದ ಪ್ಲಾಸ್ಟಿಕ್ ಸೀಸೆಗಳನ್ನು ಬಾಚಿ ಬಾಚಿ ಕೆಡವಿದ, ಬೂಟುಗಾಲಿನಲ್ಲಿ ತುಳಿದ. ಗುಲಾಬಿ ಬಣ್ಣದ ನೀರು ಮೇಜಿನ ಕೆಳಗೆಲ್ಲ ಹರಿಯಿತು. “ಸಾಯಿ, ಮುಂಡೇದೇ, ಸಾಯಿ!” ಅಂಗೈ, ಬೆರಳು ಗಾಜಿಗೆ ಸಿಕ್ಕಿ ಹರಿದದ್ದೂ ಅವನಿಗೆ ತಿಳಿಯಲಿಲ್ಲ. ಒಂದು ವರ್ಷ ಅವಳ ಮಂಚದ ಪಕ್ಕ ಕೈಕಟ್ಟಿ ಕೂತವನಿಗೆ ಹೊಡೆಯಲು ಕೊನೆಗೂ ಒಂದು ಮೈ ಸಿಕ್ಕಿತ್ತು. ಅಬ್ಬಾ, ಅದೆಂಥ ಸುಖ!

ತಡೆಯಲು ಬಂದ ಸಂಶೋಧಕಿಯನ್ನು ತಳ್ಳಿದ. ಅವಳು ಗೋಡೆಗೆ ಬಡಿದು ಕುಸಿದಳು. ಹುಬ್ಬಿನಿಂದ ರಕ್ತ ಇಳಿಯಿತು.

“ಅಣ್ಣಾ, ನಿಮ್ಮ ಕೈಲಿರೋ ಸೀಸೆನೇ ಕೊನೇದು! ಅವರದ್ದು ಅಂತ ಈ ಭೂಮಿ ಮೇಲೆ ಜೀವ ಇರೋದು ಅದೊಂದೇ!”

ಎತ್ತಿದ ಕೈ ಹಾಗೆಯೇ ನಿಂತಿತು. ಬೆರಳುಗಳಿಗೆ ಸೀಸೆ ಬೆಚ್ಚಗೆ ತಗಲುತ್ತಿತ್ತು, ಜ್ವರವಿಲ್ಲದ ದಿನ ಅವಳ ಕತ್ತು ಇರುತ್ತಿದ್ದಷ್ಟೇ ಬೆಚ್ಚಗೆ. ಒಡೆಯಬೇಕು ಅಂದುಕೊಂಡ. ದೇವರಾಣೆಗೂ ಒಡೆಯಬೇಕು ಅಂದುಕೊಂಡ.

ಅಷ್ಟರಲ್ಲಿ ಕಾವಲಿನವರಿಬ್ಬರು ನುಗ್ಗಿದರು. ಸಂಶೋಧಕಿಯ ಮುಖದ ರಕ್ತ ನೋಡಿದ ಮೇಲೆ ಅವರು ಯಾರ ಮಾತೂ ಕೇಳುವಂತಿರಲಿಲ್ಲ. ಲಾಠಿ ಮೊದಲು ಮೊಣಕಾಲಿಗೆ ಬಿತ್ತು, ಆಮೇಲೆ ಬೆನ್ನಿಗೆ. ಅವನು ಬಿದ್ದ. ಪಕ್ಕೆಗೆ ಒದ್ದರು. ಸ್ಪ್ಯಾನರ್ ಕೈಗೆಟುಕುವಷ್ಟು ದೂರದಲ್ಲೇ ಬಿದ್ದಿತ್ತು. ಅದರ ಕಡೆ ಕೈ ಚಾಚದೆ ಅವನು ಮೊಣಕಾಲು ಮಡಚಿ, ಬಗ್ಗಿ, ಎಲ್ಲ ಏಟುಗಳನ್ನೂ ಬೆನ್ನಿಗೇ ತೆಗೆದುಕೊಂಡ.

“ಹೊಡೀಬೇಡ್ರಪ್ಪಾ, ಬಿಡಿ ಅವರನ್ನ!” ಸಂಶೋಧಕಿ ಚೀರಿದಳು.

ಬಲು ಹೊತ್ತಿಗೆ ಲಾಠಿಗಳು ನಿಂತವು. ಸೀಸೆಯನ್ನು ಕೈಬಿಡದೆ ಅವನು ಒಂದು ಮೊಣಕೈ ಊರಿ ಎದ್ದ. ಬಾಯಿಯ ರಕ್ತವನ್ನು ಪಕ್ಕಕ್ಕೆ ಉಗಿದು, ಪುಡಿಯಾದ ಕಾವುಪೆಟ್ಟಿಗೆಯ ಕಡೆ ನೋಡಿದ.

“ಇದು ತಣ್ಣಗಾಗ್ತಾ ಇದೆ ಮೇಡಂ,” ಎಂದ. “ಎಲ್ಲಿಡ್ಲಿ?”

ಅವನು ಸೀಸೆಯನ್ನು ಅಂಗಿಯೊಳಗೆ, ಬರಿಯ ಹೊಟ್ಟೆಗೆ ಒತ್ತಿಟ್ಟುಕೊಂಡು, ಹರಿದ ಬೆರಳುಗಳಿಂದ ಒಂದೊಂದೇ ಗುಂಡಿ ಹಾಕತೊಡಗಿದ.