ಸೊಟ್ಟ ಪಟ್ಟೆ

ಪಟ್ಟೆ ಸೊಟ್ಟಗಿತ್ತು. ಅದನ್ನು ಮೊದಲು ಕಂಡವನು ಜಯರಾಜ. ಕಂಡದ್ದೇ ತಡ, ಅವನ ಕೈ ತುರಿಸತೊಡಗಿತು.

ಬಹ್ರೇನಿನ ಸನದ್ ಎಂಬ ಊರಿನ ಗ್ಯಾರೇಜಿಗೆ ಆ ಕಾರು ಲಾರಿಯ ಬೆನ್ನೇರಿ ಬಂದಿತ್ತು. ಎಪ್ಪತ್ತನೇ ಇಸವಿಯ ಅಮೆರಿಕದ ಗಾಡಿ. ಎರಡೇ ಬಾಗಿಲು, ಗೂಳಿಯ ಹಿಣಿಲಿನಂತೆ ಉಬ್ಬಿದ ಹಿಂಭಾಗ, ಮಾಗಿದ ಕಿತ್ತಳೆಯ ಬಣ್ಣ. ಪಕ್ಕದುದ್ದಕ್ಕೂ ಹೊಳಪಿಲ್ಲದ ಕಪ್ಪು ಪಟ್ಟೆ. ಮುಂದಿನ ಚಕ್ರದ ಮೇಲೆ ತೆಳ್ಳಗೆ ಹೊರಟು, ಹಿಂದೆ ಹೋದಂತೆ ಅಗಲವಾಗಿ, ಕೊನೆಗೆ ಹಾಕಿ ಆಟದ ಕೋಲಿನ ಹಾಗೆ ಮೇಲಕ್ಕೆ ಬಾಗುವಂಥದ್ದು. ಬಲಗಡೆ ಅದು ಕಾರ್ಖಾನೆಯಿಂದ ಬಂದ ಹಾಗೇ ಉಳಿದಿತ್ತು. ಎಡಗಡೆಯ ತಗಡನ್ನು ಮಾತ್ರ ಉಪ್ಪುಗಾಳಿ ತಿಂದುಹಾಕಿ, ಬಣ್ಣವೂ ಇರಲಿಲ್ಲ, ಪಟ್ಟೆಯೂ ಇರಲಿಲ್ಲ.

ಗ್ಯಾರೇಜಿನ ಧಣಿ ರಮಾನಾಥ. ಊರಿನಲ್ಲಿ ಜಯರಾಜನ ಪಕ್ಕದ ಗ್ರಾಮದವರೇ. ಜುಫೈರಿನ ನೌಕಾನೆಲೆಯಿಂದ ಊರಿಗೆ ಹೊರಟಿದ್ದ ಒಬ್ಬ ಅಮೆರಿಕನ್ನನಿಂದ ಅವರು ಅದನ್ನು ಅಗ್ಗಕ್ಕೆ ಕೊಂಡಿದ್ದರು. ಕಾರಿನ ಸುತ್ತ ಮೆಲ್ಲಗೆ ಒಂದು ಸುತ್ತು ಬಂದು ಅವರು ಹೇಳಿದರು:

"ನೋಡು ಜಯರಾಜ, ಇದಕ್ಕೆ ಯಾರೂ ಬಣ್ಣ ಹೊಡೀಲೇ ಇಲ್ಲ ಅಂತ ಕಾಣ್ಬೇಕು. ಫ್ಯಾಕ್ಟರಿಯಿಂದ ಇಳಿದ ಹಾಗೇ ಉಂಟು ಅಂತ. ಹಾಗೆ ಆದ್ರೆ ಹಳೇ ಕಾರುಗಳ ಪ್ರದರ್ಶನದಲ್ಲಿ ಮೊದಲ ಬಹುಮಾನದ ನೀಲಿ ರಿಬ್ಬನ್ ನಮ್ದೇ. ರಿಬ್ಬನ್ ಬಂದ್ರೆ ಕುವೈಟಿನ ಪಾರ್ಟಿ ಕೇಳಿದಷ್ಟು ಕೊಡ್ತಾನೆ."

"ನನ್ನ ಕಾರ್ಡು ಧಣಿ?"

"ಬರೆಸ್ತೇನೆ ಅಂತ ಹೇಳಿದ್ದೇನಲ್ಲ ಮಾರಾಯ. ಇದೊಂದು ಗೆಲ್ಲಿಸು. ಪೇಂಟಿಂಗ್ ಫೋರ್‌ಮನ್."

ಸರಕಾರ ಕೊಡುವ ಗುರುತಿನ ಚೀಟಿಯಾದ ಸಿಪಿಆರ್ ಕಾರ್ಡಿನಲ್ಲಿ ಜಯರಾಜ ಕ್ಲೀನರ್. ಬಹ್ರೇನಿಗೆ ಬಂದಂದಿನಿಂದ ಅವನು ಮಾಡಿದ್ದು ಬಣ್ಣದ ಕೆಲಸ, ಸರಕಾರಕ್ಕೆ ಗೊತ್ತಿದ್ದದ್ದು ನೆಲ ಒರೆಸುವ ಕೆಲಸ. ಆ ದಿನ ಧಣಿಗೆ ಸಿಕ್ಕಿದ್ದ ವೀಸಾ ಅದೊಂದೇ, ಅಷ್ಟೆ. ಕ್ಲೀನರನಿಗೆ ಹೆಂಡತಿ ಮಗಳನ್ನು ಕರೆಸಿಕೊಳ್ಳುವ ವೀಸಾ ಹುಟ್ಟುವುದಿಲ್ಲ. ಹರಿಣಾಕ್ಷಿ ಊರಿನಲ್ಲೇ, ಮಗಳು ಅಶ್ಮಿತಾ ಊರಿನಲ್ಲೇ. ಆ ಮಗುವಿಗೆ ಅಪ್ಪನೆಂದರೆ ಅಂಗಡಿಯ ಫೋನಿನೊಳಗೆ ಕೆಮ್ಮುವ ಒಂದು ದನಿ. ಕಾರ್ಡಿನ ಒಂದು ಪದ ಬದಲಾದರೆ ಅವರಿಬ್ಬರೂ ವಿಮಾನ ಹತ್ತುತ್ತಾರೆ. ಆ ಒಂದು ಪದಕ್ಕಾಗಿ ಜಯರಾಜ ಎಷ್ಟು ಕಾರುಗಳ ಮೇಲೆ ಬಗ್ಗಿದ್ದನೆಂದರೆ ನಡು ಈಗ ನೆಟ್ಟಗಾಗಲು ಒಪ್ಪುತ್ತಿರಲಿಲ್ಲ.

ಸೀಟು ಹೊಲಿಯುವ ಎರಿಕ್ ಬಾನೆಟ್ಟಿನ ಕೆಳಗೆ ಒಂದು ತಗಡಿನ ಚೂರನ್ನು ಕಂಡ. ಅದರ ಮೇಲೆ ಅಕ್ಷರ, ಅಂಕಿ ಕೊರೆದಿತ್ತು.

"ಇದು ಎಂತ ಗೊತ್ತುಂಟಾ? ಗಾಡಿಯ ಜಾತಕ. ಬಣ್ಣ ಯಾವುದು, ಸೀಟು ಯಾವುದು, ಪಟ್ಟೆ ಯಾವುದು, ಎಲ್ಲ ಬರ್ದಿದ್ದಾರೆ. ಆಗ ಕಾರು ತಗೊಳ್ಳುವವ ಹೇಳ್ಬೇಕಂತೆ, ಕಪ್ಪು ಪಟ್ಟೆ ಬೇಕಾ, ಬಿಳಿ ಬೇಕಾ, ಪಟ್ಟೆಯೇ ಬೇಡವಾ, ಚಕ್ರದ ಬಾಯಿಗೆ ಕ್ರೋಮಿನ ಅಂಚು ಬೇಕಾ ಅಂತ."

"ಹೇಳಿದ್ದನ್ನೇ ಹಾಕಿದ್ದಾರಾ?"

"ಹಾಕಿದ್ದಾರೆ, ಬರ್ದದ್ದೂ ಸರಿ ಉಂಟು. ತಗಡಿನ ಗಾಡಿಗೆ ಸತ್ಯ ಬರೀತಾರೆ ಮಾರಾಯ. ನನ್ನ ಕಾರ್ಡಿನಲ್ಲಿ ನೋಡು, ತೋಟದ ಮಾಲಿ. ಇಷ್ಟು ವರ್ಷದಲ್ಲಿ ಒಂದು ಹೂವಿನ ಗಿಡ ಮುಟ್ಟಿದ್ರೆ ಕೇಳು."

ಎಡಗಡೆಗೆ ತೇಪೆ ಹಾಕಿ, ಪುಟ್ಟಿ ತುಂಬಿ, ನೀರು ಹಾಕಿ ಮರಳುಕಾಗದದಿಂದ ಉಜ್ಜಿ, ಬಲಗಡೆಯ ಕಿತ್ತಳೆಗೆ ಹೊಂದುವ ಬಣ್ಣ ಬೆರೆಸಿ ಹೊಡೆದದ್ದಾಯಿತು. ಆಮೇಲೆ ಪಟ್ಟೆ. ಜಯರಾಜ ಬಲಗಡೆಯ ಪಟ್ಟೆಯ ಅಳತೆ ತೆಗೆಯಲು ಕೂತಾಗಲೇ ಆ ಸೊಟ್ಟ ಕಣ್ಣಿಗೆ ಬಿದ್ದದ್ದು. ಮುಂದಿನ ತಗಡಿನಿಂದ ಬಾಗಿಲಿಗೆ ದಾಟುವಲ್ಲಿ ಗೆರೆ ಅರ್ಧ ಬೆರಳು ಕೆಳಗೆ ಜಾರಿತ್ತು. ಯಾರೋ ಅವಸರದಲ್ಲಿ ಅಚ್ಚು ಹಿಡಿದಿದ್ದ. ಹಿಂದಿನಿಂದ ಇನ್ನೊಂದು ಗಾಡಿ ಬಂದು ನಿಂತಿತ್ತೋ, ಊಟದ ಗಂಟೆ ಹೊಡೆದಿತ್ತೋ.

ಜಯರಾಜ ಕಲಿತದ್ದು ಮಂಗಳೂರಿನ ಬಸ್ಸಿನ ಬಾಡಿ ಕಟ್ಟುವ ಶೆಡ್ಡಿನಲ್ಲಿ. ಬಸ್ಸಿನ ಉದ್ದಕ್ಕೆ ಬ್ರಶ್ಶಿನಲ್ಲಿ ಒಂದೇ ಉಸಿರಿಗೆ ಗೆರೆ ಎಳೆಯಬೇಕು. ಗೆರೆ ಸೊಟ್ಟಗಾದರೆ ಬಸ್ಸಿನ ಮಾಲಿಕನಿಗಿಂತ ಮೊದಲು ಶೆಡ್ಡಿನ ಹುಡುಗರೇ ನಗುತ್ತಿದ್ದರು. ಹಾಗಾಗಿ ಅವನು ಎಡಗಡೆಯ ಪಟ್ಟೆಯನ್ನು ನೇರವಾಗಿ ಎಳೆದ. ಎಳೆದು, ದೂರ ಹೋಗಿ ನೋಡಿ, ಒಬ್ಬನೇ ನಕ್ಕ. ದಾರ ಹಿಡಿದು ನೋಡಿದರೂ ತಪ್ಪಿಲ್ಲ.

ರಮಾನಾಥ ಬಂದು ನೋಡಿದರು. ಆ ಕಡೆ ಹೋದರು, ಈ ಕಡೆ ಬಂದರು.

"ಎಂತ ಮಾಡಿ ಹಾಕಿದ್ದಿ ನೀನು?"

"ಯಾಕೆ ಧಣಿ? ಆ ಕಡೆಯದ್ದು ತಪ್ಪು. ಇದು ಸರಿ ಉಂಟಲ್ಲ."

"ಸರಿ ಯಾರಿಗೆ ಬೇಕು? ಆ ಕಡೆ ಅಮೆರಿಕದವರು ಮಾಡಿದ್ದು. ಈ ಕಡೆ ನೇರ ಇದ್ರೆ ಕಣ್ಣು ಮುಚ್ಚಿಯೂ ಗೊತ್ತಾಗ್ತದೆ, ಸನದಿನ ಗ್ಯಾರೇಜಿನಲ್ಲಿ ಹೊಡ್ದದ್ದು ಅಂತ. ತೆಗಿ. ಅಲ್ಲಿ ಎಷ್ಟು ಸೊಟ್ಟ ಉಂಟೋ ಇಲ್ಲಿಯೂ ಅಷ್ಟೇ ಸೊಟ್ಟ ಬರ್ಬೇಕು."

"ಅವ್ರ ತಪ್ಪನ್ನು ನಾನ್ಯಾಕೆ ಮಾಡ್ಲಿ?"

"ಅವ್ರ ತಪ್ಪಿಗೆ ಬೆಲೆ ಉಂಟು, ಅದಕ್ಕೆ."

ಜಯರಾಜ ತನ್ನ ನೇರ ಪಟ್ಟೆಯನ್ನು ತಾನೇ ಉಜ್ಜಿ ತೆಗೆದ. ಆಮೇಲೆ ಶುರುವಾಯಿತು ಪಡಿಪಾಟಲು. ಕೈ ಸೊಟ್ಟಗೆ ಹೋಗಲೊಲ್ಲದು. ಟೇಪು ಅಂಟಿಸುವಾಗ ಅರ್ಧ ಬೆರಳು ಇಳಿಸಿದರೆ, ಒತ್ತುವಾಗ ಹೆಬ್ಬೆರಳು ತಂತಾನೇ ಅದನ್ನು ಎತ್ತಿಬಿಡುತ್ತಿತ್ತು. ಇಳಿಸಿದರೆ ಬೇಕೆಂದೇ ಇಳಿಸಿದ ಹಾಗೆ ಕಾಣುತ್ತಿತ್ತು. ಅವಸರದ ಸೊಟ್ಟವೇ ಬೇರೆ, ಲೆಕ್ಕ ಹಾಕಿದ ಸೊಟ್ಟವೇ ಬೇರೆ. ಹೊಡೆದ, ಉಜ್ಜಿದ, ಮತ್ತೆ ಹೊಡೆದ. ಬೆವರು ಬಣ್ಣದ ಮೇಲೆ ಬಿದ್ದು ಮತ್ತೊಮ್ಮೆ ಉಜ್ಜಿದ.

"ಒಂದು ಪೆಗ್ ಹಾಕಿ ಎಳಿ," ಎಂದ ಎರಿಕ್. "ಫ್ಯಾಕ್ಟರಿಯವನೂ ಹಾಗೇ ಎಳ್ದಿರ್ಬೇಕು."

"ಸುಮ್ನಿರು ಮಾರಾಯ. ತಲೆ ಕೆಟ್ಟು ಹೋಗಿದೆ ನಂಗೆ."

ಕೊನೆಗೂ ಬಂತು. ಸೊಟ್ಟ ಸೊಟ್ಟಗೇ ಬಂತು, ಇಪ್ಪತ್ತೈದು ವರ್ಷದ ಬಿಸಿಲು ಕುಡಿದ ಹಾಗೆ ಮಂಕಾಗಿಯೂ ಬಂತು. ಕಾರನ್ನು ಬಿಸಿಲಿಗೆ ತಳ್ಳಿ ನೋಡಿದಾಗ ಎರಡೂ ಕಡೆ ಒಂದೇ ಕೈ. ಆ ಕೈ ತನ್ನದಲ್ಲ ಎನ್ನಿಸಿ ಜಯರಾಜನಿಗೆ ಬಾಯಿ ಕಹಿಯಾಯಿತು.

ಆಗ ಅವನು ಒಂದು ಕೆಲಸ ಮಾಡಿದ. ಮಾಡಿದ ಎನ್ನುವುದಕ್ಕಿಂತ, ಕೈ ಮಾಡಿತು. ಮಂಗಳೂರಿನ ಶೆಡ್ಡಿನಲ್ಲಿ ಮುಗಿದ ಬಸ್ಸನ್ನು ಬೊಟ್ಟಿಡದೆ ಹೊರಗೆ ಬಿಡುತ್ತಿರಲಿಲ್ಲ. ಯಾರಿಗೂ ಕಾಣದ ಮೂಲೆಯಲ್ಲಿ, ಕಣ್ಣು ತಾಗದಿರಲೆಂದು, ಕಪ್ಪು ಬಣ್ಣದ ಒಂದು ಬೊಟ್ಟು; ಮಗುವಿನ ಕೆನ್ನೆಗೆ ಇಡುವ ಹಾಗೆ. ಎಡಗಡೆಯ ಬಾಗಿಲು ತೆರೆದು, ಕೀಲಿನ ಕೆಳಗಿನ ಅಂಚಿನಲ್ಲಿ ಅವನು ಕಿರುಬೆರಳು ಅದ್ದಿ ಒತ್ತಿದ.

ಶುಕ್ರವಾರ ಬೆಳಿಗ್ಗೆ ಜುಫೈರಿನ ಹೊಟೇಲೊಂದರ ಅಂಗಳದಲ್ಲಿ ಪ್ರದರ್ಶನ. ರಮಾನಾಥರು ಕೋಟು ತೊಟ್ಟಿದ್ದರು. ಜಯರಾಜನಿಗೂ ಎರಿಕ್‌ಗೂ ಬೆನ್ನ ಮೇಲೆ ಕ್ಲೀನರ್ ಎಂದು ಅಚ್ಚು ಹೊಡೆದ ಹಳದಿ ಅಂಗಿ.

"ಧೂಳು ಕೂತ್ರೆ ಒರೆಸಿ, ಅಷ್ಟೆ. ಬಾಯಿ ತೆರೀಬೇಡಿ," ಎಂದರು ಧಣಿ.

ಪರೀಕ್ಷೆಗೆ ಬಂದವನು ನೆಲೆಯ ಒಬ್ಬ ನಿವೃತ್ತ ಅಮೆರಿಕನ್. ಅಂಥ ಕಾರುಗಳ ಪುಸ್ತಕವನ್ನೇ ತಲೆಯಲ್ಲಿಟ್ಟುಕೊಂಡವನು. ಮಂಡಿಯೂರಿ ತಗಡಿನ ಜಾತಕ ಓದಿದ. ಬಣ್ಣ ಸರಿ, ಸೀಟು ಸರಿ. ಬಲಗಡೆಯ ಪಟ್ಟೆಯ ಸೊಟ್ಟವನ್ನು ಬೆರಳಿನಿಂದ ಸವರಿದ. ಎಡಗಡೆಗೆ ಬಂದು ಅಲ್ಲಿಯೂ ಅದೇ ಸೊಟ್ಟ ಕಂಡು ಮುಖ ಅರಳಿಸಿದ. ಆಮೇಲೆ ಬಾಗಿಲು ತೆರೆದ.

ಜಯರಾಜನಿಗೆ ಬೊಟ್ಟು ನೆನಪಾದದ್ದು ಆಗಲೇ.

ಅಮೆರಿಕನ್ ಬೊಟ್ಟನ್ನು ನೋಡಿದ. ಕನ್ನಡಕ ಹಾಕಿ ಮತ್ತೆ ನೋಡಿದ. ಕ್ಯಾಮರಾದಲ್ಲಿ ಅದರ ಫೋಟೋ ತೆಗೆದುಕೊಂಡ. ಕೂಗಿ ನಾಲ್ಕು ಜನರನ್ನು ಕರೆದ.

"ನೋಡಿ, ನೋಡಿ! ಇದು ತನಿಖೆಯವನ ಗುರುತು. ಕಾರ್ಖಾನೆಯ ಸಾಲಿನ ಕೊನೆಯಲ್ಲಿ ಒಬ್ಬ ಮನುಷ್ಯ ನಿಂತಿರುತ್ತಿದ್ದ. ಎಲ್ಲ ನೋಡಿ, ಸರಿಯಿದೆ ಅಂತ ಹೀಗೆ ಬೆರಳಲ್ಲಿ ಒತ್ತಿ ಕಳಿಸುತ್ತಿದ್ದ." ಅವನ ದನಿ ಮೆತ್ತಗಾಯಿತು. "ಅವನ ಹೆಸರು ಯಾರಿಗೂ ಗೊತ್ತಿಲ್ಲ. ಈಗ ಬದುಕಿದ್ದಾನೋ ಇಲ್ಲವೋ. ಅಂಥವನ ಬೆರಳು ಇದು. ಒಂದು ನಿಮಿಷ ಅವನನ್ನು ನೆನೆಯೋಣ."

ನೆನೆದರು. ಟೊಪ್ಪಿ ತೆಗೆದು ನೆನೆದರು. ಆ ಬೆರಳಿನ ಯಜಮಾನ ಕೈಯಲ್ಲಿ ಒರೆಸುವ ಬಟ್ಟೆ ಹಿಡಿದು, ಅವರಿಗೆ ಕೈ ಚಾಚಿದರೆ ಸಿಗುವಷ್ಟು ಹತ್ತಿರ ನಿಂತಿದ್ದ. ಇದ್ದಾನೋ ಇಲ್ಲವೋ ತಿಳಿಯದ ಡೆಟ್ರಾಯ್ಟಿನ ಕಾರ್ಖಾನೆಯ ಕೂಲಿಯವನಿಗೆ ಮರ್ಯಾದೆ ಸಿಕ್ಕಿತು, ಸನದಿನ ಬದುಕಿದ್ದವನಿಗೆ "ಸ್ವಲ್ಪ ಆಚೆ ಸರಿ" ಎಂಬ ಮಾತು ಸಿಕ್ಕಿತು. ಅಮೆರಿಕನ್ ಕಾರಿನ ಗಾಜಿಗೆ ನೀಲಿ ರಿಬ್ಬನ್ ಸಿಕ್ಕಿಸಿದ. ಹುಟ್ಟಿದಂದಿನಿಂದ ಯಾರ ಕೈಯೂ ಸೋಕದ ಗಾಡಿ ಎಂದು ಗಟ್ಟಿಯಾಗಿ ಸಾರಿದ.

ಗುಂಪು ಚದುರಿದ ಮೇಲೆ ಜಯರಾಜ ಧಣಿಯ ಬಳಿ ಹೋದ.

"ಗೆದ್ದಿತಲ್ಲ ಧಣಿ. ಇನ್ನು ನನ್ನ ಫೋರ್‌ಮನ್ ಕಾಗದ."

"ಅದೇ ಯೋಚನೆ ಮಾಡ್ತಿದ್ದೆ ಮಾರಾಯ." ರಮಾನಾಥರು ಅವನ ಹೆಗಲ ಮೇಲೆ ಕೈಯಿಟ್ಟರು. "ಕುವೈಟಿನವ ಇಂದು ಸಂಜೆ ಬರ್ತಾನೆ. ಈ ಗಾಡಿಗೆ ಬಣ್ಣವೇ ಹೊಡ್ದಿಲ್ಲ ಅಂತ ಈಗ ಊರಿಗೆಲ್ಲ ಗೊತ್ತಾಯ್ತು. ನಾಳೆ ನಾನು ಪೇಂಟಿಂಗ್ ಫೋರ್‌ಮನ್ ಅಂತ ಒಬ್ಬನನ್ನು ಬರೆಸಿದ್ರೆ, ಎಂತ ಪೇಂಟ್ ಮಾಡಿದಿ ಅಂತ ಕೇಳುದಿಲ್ವಾ ಅವ? ನೀನು ತುಂಬಾ ಚೆಂದ ಮಾಡಿಬಿಟ್ಟಿ, ಅದೇ ತೊಂದರೆ ಆದದ್ದು. ಬರುವ ವರ್ಷ ನೋಡುವ."

ಜಯರಾಜ ಹರಿಣಾಕ್ಷಿಗೆ ಸಂಜೆ ಫೋನು ಮಾಡುತ್ತೇನೆಂದು ಹೇಳಿದ್ದ. ಅವಳು ಮಗಳಿಗೆ ತಲೆ ಬಾಚಿ ಅಂಗಡಿಗೆ ಕರೆತಂದು ಕೂತಿರುತ್ತಾಳೆ. ಬರುವ ವರ್ಷ ಎಂದು ಹೇಳಬೇಕು. ಹೋದ ವರ್ಷವೂ ಅದನ್ನೇ ಹೇಳಿದ್ದ.

ಡಾಂಬರಿನ ಕಲೆ ತೆಗೆಯಲೆಂದು ಜೇಬಿನಲ್ಲಿ ಥಿನ್ನರಿನ ಸಣ್ಣ ಬಾಟಲಿ ಇತ್ತು. ಅವನು ಬಟ್ಟೆಗೆ ಸುರಿದುಕೊಂಡ. ಸೀದಾ ಹೋಗಿ ಎಡಗಡೆಯ ಬಾಗಿಲು ತೆರೆದ. ತನ್ನ ಬೊಟ್ಟನ್ನು ತಾನೇ ಒರೆಸಿಬಿಟ್ಟ.

"ಹೇಯ್!" ಅಮೆರಿಕನ್ ದೂರದಿಂದಲೇ ಕಂಡು ಓಡಿ ಬಂದ. "ಏನು ಮಾಡಿದೆ ನೀನು! ಇತಿಹಾಸ ಅದು! ಒರೆಸಿ ಹಾಕಿದೆಯಲ್ಲ!"

ಜಯರಾಜ ಕಪ್ಪಾದ ಬಟ್ಟೆಯನ್ನು ಅವನ ಮುಖದ ಮುಂದೆ ಹಿಡಿದ. ಇದ್ದಬದ್ದ ಇಂಗ್ಲಿಷನ್ನೆಲ್ಲ ಒಟ್ಟು ಮಾಡಿದ. ಹಳೆಯ ಬಣ್ಣ ಹೀಗೆ ಬಿಡುವುದಿಲ್ಲ, ಇದು ಹೊಸತು, ನಾನು ಇಟ್ಟದ್ದು, ಈ ಪಟ್ಟೆಯೂ ನನ್ನದೇ ಎಂದ. ಎದೆ ಮುಟ್ಟಿಕೊಂಡು ತೋರಿಸಿದ. ಅಮೆರಿಕನ್ ಬಟ್ಟೆ ನೋಡಲಿಲ್ಲ. ಪಕ್ಕಕ್ಕೆ ಸರಿದು ಅವನ ಬೆನ್ನ ಮೇಲಿನ ಅಕ್ಷರ ಓದಿದ. ಹಳೇ ಗಾಡಿಗೆ ನೀರು ಮಾತ್ರ ಬಳಸಬೇಕೆಂದು ಇವರಿಗೆ ಕಲಿಸುವವರು ಯಾರೂ ಇಲ್ಲವೇ ಎಂದು ರಮಾನಾಥರ ಮೇಲೆ ಹರಿಹಾಯ್ದ.

"ಕ್ಲೀನರ್, ಸರ್. ಹೊಸಬ. ಬುದ್ಧಿ ಇಲ್ಲ," ಎಂದರು ರಮಾನಾಥ.

ಅಮೆರಿಕನ್ ತಲೆ ಹಿಡಿದುಕೊಂಡು ಹೋದ. ಹೋಗುವಾಗ, ಕೊಳ್ಳುವ ಕುವೈಟಿನವನು ನನಗೆ ಗೊತ್ತಿದ್ದವನೇ, ಅವನಿಗೆ ಆ ಗುರುತಿನ ಸುದ್ದಿ ಆಗಲೇ ಫೋನಿನಲ್ಲಿ ತಿಳಿಸಿದ್ದೇನೆ, ಅವನು ಅದನ್ನು ನೋಡಲೆಂದೇ ಬರುತ್ತಿದ್ದಾನೆ ಎಂದ. ರಮಾನಾಥರ ಮುಖ ಇಳಿಯಿತು. ಹಲ್ಲು ಕಚ್ಚಿ ಪಿಸುಗುಟ್ಟಿದರು.

"ಹಾಕು. ಸಂಜೆಯ ಒಳಗೆ ಹಾಕು. ಮೊದ್ಲು ಹೇಗಿತ್ತೋ ಹಾಗೆ, ಅದೇ ಜಾಗದಲ್ಲಿ."

"ಕ್ಲೀನರ್ ಒರೆಸುದು ಮಾತ್ರ ಧಣಿ. ಹಾಕುದು ಫೋರ್‌ಮನ್ ಕೆಲಸ."

"ಹೆದರಿಸ್ತೀಯಾ? ನಿನ್ನ ಪಾಸ್‌ಪೋರ್ಟು ನನ್ನ ಕಪಾಟಿನಲ್ಲಿ ಉಂಟು, ನೆನಪಿರ್ಲಿ."

"ಅಲ್ಲೇ ಇರ್ಲಿ. ನನ್ನ ಬೆರಳು ನನ್ನ ಹತ್ರವೇ ಉಂಟು."

ರಮಾನಾಥರು ಎರಿಕ್‌ನತ್ತ ತಿರುಗಿದರು. ಎರಿಕ್ ಎರಡೂ ಕೈ ಮೇಲೆತ್ತಿದ.

"ನನ್ನನ್ನು ನೋಡ್ಬೇಡಿ ಸರ್. ನಾನು ಮಾಲಿ. ಹೂವಿನ ಗಿಡ ಉಂಟಾದ್ರೆ ಹೇಳಿ, ನೀರು ಹಾಕ್ತೇನೆ."

ರಮಾನಾಥರು ತಾವೇ ಕಿರುಬೆರಳು ಚಾಚಿ ಬಾಗಿಲಂಚಿನ ಆ ಖಾಲಿ ಜಾಗವನ್ನು ನೋಡಿದರು. ಬೆರಳು ದಪ್ಪ, ಉಂಗುರದ್ದು. ಬೊಟ್ಟಿನ ಫೋಟೋ ಅಮೆರಿಕನ್ನನ ಕ್ಯಾಮರಾದಲ್ಲಿತ್ತು; ಈ ಬೆರಳಿನ ಗುರುತು ಅದಕ್ಕೆ ಹೊಂದುವಂತಿರಲಿಲ್ಲ. ಬೆರಳನ್ನು ಹಿಂದಕ್ಕೆಳೆದುಕೊಂಡರು.

ಜಯರಾಜ ಅಂಗಳದ ಕಟ್ಟೆಯ ಮೇಲೆ ಹೋಗಿ ಕೂತ. ಕೈಯಲ್ಲಿ ಥಿನ್ನರಿನ ಉರಿ, ಎದೆಯಲ್ಲಿ ಅದಕ್ಕಿಂತ ಹೆಚ್ಚು. ಗೆದ್ದೆನೆಂದು ಅವನಿಗೆ ಅನ್ನಿಸಲಿಲ್ಲ. ಸಂಜೆಗೆ ಏನಾಗುತ್ತದೋ, ಹರಿಣಾಕ್ಷಿಗೆ ಏನು ಹೇಳಬೇಕೋ, ಒಂದೂ ಗೊತ್ತಿರಲಿಲ್ಲ. ಜೇಬಿನಿಂದ ಸಿಪಿಆರ್ ಕಾರ್ಡು ತೆಗೆದು, ಕ್ಲೀನರ್ ಎಂಬ ಪದ ಧಣಿಗೆ ಕಾಣುವ ಹಾಗೆ ತೊಡೆಯ ಮೇಲಿಟ್ಟುಕೊಂಡ.